ಲ್ಯಾಬ್ ಟೆಕ್ನಿಶಿಯನ್: ವೃತ್ತಿಯೊಂದು ನಡೆದು ಬಂದ ದಾರಿ

ಆಸ್ಪತ್ರೆಗೆ ಹೋಗಿ ಗುಣವಾಗಿ ಬಂದವರು ಡಾಕ್ಟರ ಹೆಸರನ್ನು ಬಹುಕಾಲ ನೆನೆಯುತ್ತಾರೆ. ಆದರೆ ರಕ್ತ ತೆಗೆದು, ಸ್ಲೈಡ್ ಮಾಡಿ, ರಿಪೋರ್ಟ್ ಬರೆದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಡಾಕ್ಟರು ಔಷಧಿ ಬರೆಯುವುದು ಬಹಳ ಸಲ ಆ ಚೀಟಿಯನ್ನು ನಂಬಿಯೇ. ಈ ಹೆಸರಿಲ್ಲದವರ ವೃತ್ತಿಗೆ ಒಂದು ದೀರ್ಘ ಇತಿಹಾಸವಿದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ನಮ್ಮ ವಿದ್ಯಾರ್ಥಿಗಳು ಅದನ್ನು ತಿಳಿಯಬೇಕು.

ಮೊದಲ ಪಾಠ

ರೋಗಿಯ ದೇಹದಿಂದ ಹೊರಬಂದದ್ದನ್ನು ನೋಡಿ ಒಳಗಿನ ರೋಗವನ್ನು ಊಹಿಸುವ ಪದ್ಧತಿ ಬಹಳ ಹಳೆಯದು. ಹನ್ನೊಂದನೇ ಶತಮಾನದಲ್ಲಿ ಇಬ್ನ್ ಸೀನಾ ಬರೆದ ‘ಅಲ್ ಕಾನೂನ್’ ಗ್ರಂಥದಲ್ಲಿ ಮೂತ್ರ ಪರೀಕ್ಷೆಗೆಂದೇ ಪ್ರತ್ಯೇಕ ಭಾಗವಿದೆ. ಬೆಳಗಿನ ಮೊದಲ ಮೂತ್ರವನ್ನೇ ತೆಗೆದುಕೊಳ್ಳಬೇಕು, ಕೇಸರಿಯಂತಹ ಬಣ್ಣ ಕೊಡುವ ಪದಾರ್ಥ ತಿಂದಿರಬಾರದು, ಹೆಚ್ಚು ಹೊತ್ತು ಇಟ್ಟದ್ದನ್ನು ನೋಡಬಾರದು ಎಂಬ ಎಚ್ಚರಿಕೆಗಳು ಅಲ್ಲಿವೆ. ಮಾದರಿಯೇ ಸರಿಯಿಲ್ಲದಿದ್ದರೆ ಪರೀಕ್ಷೆ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಇಂದಿಗೂ ಲ್ಯಾಬ್ ತರಬೇತಿಯ ಮೊದಲ ಪಾಠಗಳಲ್ಲಿ ಇದೂ ಒಂದು.

ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರಗಳಿಂದ ಕೆಂಪು ರಕ್ತಕಣಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಕಂಡನು. ಅವನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಅವನಲ್ಲಿದ್ದದ್ದು ಕೈಕೌಶಲ ಮತ್ತು ತಾಳ್ಮೆ. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟನು. ಅವನ ಪ್ರಯೋಗಾಲಯದ ಸಹಾಯಕ ಪೆಟ್ರಿ 1887ರಲ್ಲಿ ರೂಪಿಸಿದ ಗಾಜಿನ ತಟ್ಟೆ ಇಂದು ಜಗತ್ತಿನ ಎಲ್ಲ ಲ್ಯಾಬುಗಳಲ್ಲಿದೆ.

ಕಣ್ಣಿಗೂ ಕಲಿಕೆ ಬೇಕು

ಮಲೇರಿಯಾದ ಪರೋಪಜೀವಿಯನ್ನು 1880ರಲ್ಲಿ ಆಲ್ಜೀರಿಯಾದಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯ ಕಂಡುಹಿಡಿದನು. ಆದರೆ ಭಾರತದಲ್ಲಿ ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೆ ಎಷ್ಟು ಹುಡುಕಿದರೂ ಅದು ಕಾಣಲಿಲ್ಲ. ಅಂತಹ ಜೀವಿಯೇ ಇಲ್ಲವೆಂಬ ಸಂದೇಹವೂ ಅವನಿಗೆ ಬಂದಿತ್ತು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಡಿ ತೋರಿಸಿಕೊಟ್ಟ ಮೇಲೆಯೇ ಅವನ ಕಣ್ಣಿಗೆ ಅದು ಕಂಡದ್ದು. ವೈದ್ಯ ಪದವಿ ಇದ್ದರೂ ಕಣ್ಣಿಗೆ ತರಬೇತಿ ಬೇಕಾಯಿತು ಎಂಬುದನ್ನು ಗಮನಿಸಬೇಕು.

ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದ ರಾಸ್ 1895ರಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಬೆಂಗಳೂರಿಗೆ ಬರಬೇಕಾಯಿತು. ಮತ್ತೆ ಸಿಕಂದರಾಬಾದಿಗೆ ಮರಳಿ, 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡನು. ಆ ಸೊಳ್ಳೆಗಳು ಹೀರಿದ್ದು ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು. ಕಚ್ಚಿಸಿಕೊಂಡ ಸೊಳ್ಳೆಗೆ ಒಂದಾಣೆಯಂತೆ ಆತನಿಗೆ ಹಣ ಸಿಕ್ಕಿತು. ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾದ ಮೇಲೆ ನಡೆದ ಪ್ರಯೋಗದಲ್ಲಿ ಮುಹಮ್ಮದ್ ಬಕ್ಷ್ ಎಂಬ ಸಹಾಯಕ ರಾಸ್‌ನ ಜೊತೆಗಿದ್ದನು. 1902ರಲ್ಲಿ ರಾಸ್‌ಗೆ ನೊಬೆಲ್ ಪ್ರಶಸ್ತಿ ಬಂತು. ಹುಸೇನ್ ಖಾನ್, ಮುಹಮ್ಮದ್ ಬಕ್ಷ್ ಅವರ ಹೆಸರುಗಳು ಪಠ್ಯಪುಸ್ತಕಕ್ಕೆ ಬರಲಿಲ್ಲ. ಆ ಕಾಲದ ಲ್ಯಾಬ್ ಸಹಾಯಕನಿಗೆ ಕೆಲಸವಿತ್ತು, ಕೂಲಿಯಿತ್ತು. ತರಬೇತಿಯಾಗಲಿ, ಪ್ರಮಾಣಪತ್ರವಾಗಲಿ ಇರಲಿಲ್ಲ.

ಈ ಕೊರತೆಯನ್ನು ನೀಗಿಸಲು ಸಹಾಯಕರೇ ಸಂಘಟಿತರಾದರು. 1912ರಲ್ಲಿ ಇಂಗ್ಲೆಂಡಿನ ಆಲ್ಬರ್ಟ್ ನಾರ್ಮನ್ ಪ್ರಯೋಗಾಲಯ ಸಹಾಯಕರ ಸಂಘವನ್ನು ಕಟ್ಟಿದನು. ಅಮೆರಿಕದಲ್ಲಿ 1928ರಲ್ಲಿ ಅರ್ಹ ತಂತ್ರಜ್ಞರ ನೋಂದಣಿ ಪದ್ಧತಿ ಬಂತು. ಹೀಗೆ ಕೂಲಿ ಕೆಲಸ ವೃತ್ತಿಯಾಯಿತು.

ನಮ್ಮ ನಾಡಿನಲ್ಲಿ

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದವು. ಕಾರ್ಯಕರ್ತರು ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ ರಕ್ತದ ಸ್ಲೈಡ್ ತರುತ್ತಿದ್ದರು. ಅವನ್ನು ನೋಡಿ ಹೇಳುವವನು ಲ್ಯಾಬ್ ಟೆಕ್ನಿಶಿಯನ್. 1965ರ ಹೊತ್ತಿಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಆದರೆ 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದವು. ಡಿಡಿಟಿಗೆ ಸೊಳ್ಳೆಗಳು ಬಗ್ಗದಿದ್ದುದು ಮುಂತಾದ ಕಾರಣಗಳ ಜೊತೆಗೆ, ನೋಡುವವರಿಲ್ಲದೆ ಸ್ಲೈಡುಗಳು ರಾಶಿ ಬಿದ್ದದ್ದೂ ಒಂದು ಕಾರಣ. ವರದಿ ಬರುವಷ್ಟರಲ್ಲಿ ರೋಗ ಪಕ್ಕದ ಮನೆಗೆ ದಾಟಿರುತ್ತಿತ್ತು.

ಕ್ಷಯದ ಕಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷಯದ ಲಕ್ಷಣವಿದ್ದ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆ, ದವಾಖಾನೆಗಳಿಗೆ ಹೋಗಿದ್ದರು. ಅಲ್ಲಿ ರೋಗ ಪತ್ತೆಯಾಗದೆ ವಾಪಸಾಗಿದ್ದರು. ರೋಗಿ ಬಾಗಿಲಿಗೇ ಬಂದಿದ್ದಾನೆ, ಗುರುತಿಸುವವರಿಲ್ಲ! ಅಂತಹ ಕಡೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ ಮತ್ತು ಅದನ್ನು ನೋಡಬಲ್ಲ ಒಬ್ಬ ತರಬೇತಾದ ಮನುಷ್ಯ. 1997ರಿಂದ ವಿಸ್ತರಿಸಿದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ 1 ಲಕ್ಷ ಜನಸಂಖ್ಯೆಗೆ ಒಂದು ಕಫ ಪರೀಕ್ಷಾ ಕೇಂದ್ರ ಎಂಬ ನಿಯಮ ಬಂತು.

ಕಫದ ಸ್ಲೈಡಿಗೆ ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮ್ಲದಿಂದ ತೊಳೆದು, ನೀಲಿ ಬಣ್ಣ ಹಾಕಿದಾಗ ಕ್ಷಯದ ರೋಗಾಣು ಮಾತ್ರ ಕೆಂಪಾಗಿ ಉಳಿಯುತ್ತದೆ. ರೋಗಾಣು ಇಲ್ಲವೆಂದು ಬರೆಯಬೇಕಾದರೆ ಕನಿಷ್ಠ 100 ಕ್ಷೇತ್ರಗಳನ್ನು ಒಂದೊಂದಾಗಿ ನೋಡಬೇಕು. ಬೇಸರದಿಂದ ಇಪ್ಪತ್ತಕ್ಕೇ ನಿಲ್ಲಿಸಿದರೆ ಕೇಳುವವರಿಲ್ಲ. ಆದರೆ ಆ ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗಿ ಮಕ್ಕಳ ನಡುವೆ ಕೆಮ್ಮುತ್ತಾನೆ. ರಕ್ತದ ಗುಂಪು ತಪ್ಪಾಗಿ ಬರೆದರೆ ಪ್ರಾಣವೇ ಹೋಗಬಹುದು. ಈ ವೃತ್ತಿಯಲ್ಲಿ ಪ್ರಾಮಾಣಿಕತೆ ಬರೀ ಸದ್ಗುಣವಲ್ಲ, ಕೆಲಸದ ಒಂದು ಭಾಗ.

2020ರಲ್ಲಿ ಕೊರೋನಾ ಬಂದಾಗ ಇದು ಎಲ್ಲರಿಗೂ ಅರ್ಥವಾಯಿತು. ಆರಂಭದಲ್ಲಿ ಪರೀಕ್ಷೆಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯನ್ನೇ ಅವಲಂಬಿಸಿದ್ದ ದೇಶದಲ್ಲಿ ವರ್ಷಾಂತ್ಯಕ್ಕೆ ಎರಡು ಸಾವಿರಕ್ಕೂ ಹೆಚ್ಚು ಲ್ಯಾಬುಗಳಿದ್ದವು. ಯಂತ್ರಗಳನ್ನು ಕೊಂಡು ತರಬಹುದು. ಅದರ ಮುಂದೆ ಕೂರುವವರನ್ನು ತರಬೇತಿಯಿಂದಲೇ ತಯಾರಿಸಬೇಕು. ಮರುವರ್ಷ, 2021ರಲ್ಲಿ, ಸಂಸತ್ತು ಈ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಮಾಡಿತು.

ವಿದ್ಯಾರ್ಥಿ ಮಿತ್ರರೇ, ಎಂಬಿಬಿಎಸ್ ಸೀಟು ಸಿಗದವರು ಅನಿವಾರ್ಯವಾಗಿ ಹಿಡಿಯುವ ದಾರಿ ಇದೆಂದು ತಿಳಿಯಬೇಡಿ. ಡಿಪ್ಲೊಮಾ ಆಗಲಿ, ಬಿ.ಎಸ್ಸಿ. ಆಗಲಿ, ಫೀಸು ಕಟ್ಟುವ ಮೊದಲು ಆ ಕೋರ್ಸಿಗೆ ಮಾನ್ಯತೆ ಇದೆಯೇ, ಕಲಿಯಲು ನಿಜವಾದ ಆಸ್ಪತ್ರೆ ಇದೆಯೇ ಎಂದು ವಿಚಾರಿಸಿ. ಬರೀ ಪುಸ್ತಕ ಓದಿಸಿ ಸರ್ಟಿಫಿಕೇಟ್ ಕೊಡುವಲ್ಲಿ ಈ ವಿದ್ಯೆ ಬರುವುದಿಲ್ಲ. ರಾಸ್‌ನಂತಹ ವೈದ್ಯನಿಗೂ ಒಬ್ಬರು ಪಕ್ಕದಲ್ಲಿ ನಿಂತು ತೋರಿಸಬೇಕಾಯಿತು. ನಿಮಗೂ ಅಂತಹ ಗುರು ಸಿಗಲಿ. ನೀವು ನೋಡುವ ನೂರನೇ ಕ್ಷೇತ್ರವನ್ನೂ ಮೊದಲನೆಯದರಷ್ಟೇ ಶ್ರದ್ಧೆಯಿಂದ ನೋಡುವ ಮನಸ್ಸು ನಿಮ್ಮದಾಗಲಿ.