ಕರ್ತೃವಿಲ್ಲದ ಒಂದು ವಾಕ್ಯ



ವ್ಯಾಕರಣದ ಪಾಠ ಹೇಳುತ್ತಲೇ ತಲೆ ನರೆಸಿಕೊಂಡವನಿಗೆ ರಾಜತಾಂತ್ರಿಕ ಕಾಗದಪತ್ರಗಳನ್ನು ಓದುವಾಗಲೂ ಕಣ್ಣು ಹೋಗುವುದು ವಾಕ್ಯರಚನೆಯ ಕಡೆಗೇ. ಅಂಥ ಒಂದು ವಾಕ್ಯದ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

1909ನೆಯ ಇಸವಿ ಜನವರಿ 11ರಂದು ವಾಷಿಂಗ್ಟನ್ ನಗರದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ಬ್ರಿಟನ್ನಿಗೂ ಒಂದು ಕೌಲಾಯಿತು. ವ್ಯವಹಾರ ನಿಜವಾಗಿ ಕೆನಡಾದ್ದು. ಆದರೆ ತನ್ನ ಹೆಸರಿನಲ್ಲೇ ಹೊರನಾಡಿನೊಡನೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಆ ದೇಶಕ್ಕಿನ್ನೂ ಬಂದಿರಲಿಲ್ಲವಾದ್ದರಿಂದ ಅದರ ಪರವಾಗಿ ರುಜು ಹಾಕಿದವನು ಬ್ರಿಟಿಷ್ ರಾಯಭಾರಿ ಜೇಮ್ಸ್ ಬ್ರೈಸ್. ಗಡಿನೀರಿನ ಒಪ್ಪಂದವೆಂದು ಅದಕ್ಕೆ ಹೆಸರು. ಸುಪೀರಿಯರ್, ಮಿಶಿಗನ್, ಹ್ಯೂರನ್, ಈರೀ, ಒಂಟಾರಿಯೊ ಎಂಬ ಐದು ಮಹಾಸರೋವರಗಳಲ್ಲಿ ಮಿಶಿಗನ್ ಒಂದನ್ನು ಬಿಟ್ಟು ಉಳಿದ ನಾಲ್ಕರ ನಡುವೆಯೇ ಎರಡು ದೇಶಗಳ ಗಡಿ ಹಾಯುತ್ತದೆ. ನೆಲದ ಮೇಲಿರುವ ಸಿಹಿನೀರಿನಲ್ಲಿ ಐದನೆಯ ಒಂದು ಪಾಲಿನಷ್ಟು ಈ ಸರೋವರಗಳಲ್ಲಿದೆ. ಹಡಗುಗಳಿಗೆ ದಾರಿ, ನಯಾಗರದಿಂದ ವಿದ್ಯುತ್ತಿಗೆ ಯಾರೆಷ್ಟು ನೀರು ತಿರುಗಿಸಿಕೊಳ್ಳಬೇಕು, ಇಂಥವೇ ಒಪ್ಪಂದದ ಮುಖ್ಯ ವಿಷಯಗಳು. ನಾಲ್ಕನೆಯ ವಿಧಿಯ ತುದಿಯಲ್ಲಿ ಮಾತ್ರ, ಮರೆತಿದ್ದ ಮಾತು ನೆನಪಾಯಿತೋ ಎಂಬಂತೆ, ಒಂದು ವಾಕ್ಯ ಬರುತ್ತದೆ. ಗಡಿಯ ಒಂದು ಕಡೆ ನೀರನ್ನು ಇನ್ನೊಂದು ಕಡೆಯ ಆರೋಗ್ಯಕ್ಕೆ ಅಥವಾ ಆಸ್ತಿಗೆ ಹಾನಿಯಾಗುವಂತೆ ಕೆಡಿಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ.

ಮೂಲದಲ್ಲಿ ಇದು ಕರ್ಮಣಿ ಪ್ರಯೋಗ. ನೀರು ಕೆಡಿಸಲ್ಪಡಬಾರದು, ಸರಿ, ಕೆಡಿಸುವವನಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಇದು ಬರೆದವರ ಅಜಾಗ್ರತೆಯಲ್ಲ, ಜಾಗ್ರತೆ ಎಂದೇ ನನ್ನ ಅನುಮಾನ. ಹೆಸರು ಹಿಡಿದರೆ ಡೆಟ್ರಾಯಿಟ್, ಬಫಲೋ ಮೊದಲಾದ ಪಟ್ಟಣಗಳ ಚರಂಡಿಯನ್ನು ಹೆಸರಿಸಬೇಕಾಗುತ್ತಿತ್ತು.

ಆದರೂ ಅದೇ ಒಪ್ಪಂದದಲ್ಲಿ ಒಂದು ವಿವೇಕದ ಏರ್ಪಾಡಿತ್ತು. ಎರಡೂ ದೇಶಗಳಿಗೆ ಸೇರಿದ ಒಂದು ಅಂತರರಾಷ್ಟ್ರೀಯ ಸಂಯುಕ್ತ ಆಯೋಗ ಅದು. ಆರು ಮಂದಿ ಸದಸ್ಯರು, ಆ ಕಡೆಯವರು ಮೂವರು, ಈ ಕಡೆಯವರು ಮೂವರು. ಆ ಕಾಲದ ಜನಗಣತಿಯಂತೆ ಅಮೆರಿಕದಲ್ಲಿ ಒಂಬತ್ತು ಕೋಟಿಗೂ ಮಿಕ್ಕಿ ಜನ, ಕೆನಡಾದಲ್ಲಿ ಮುಕ್ಕಾಲು ಕೋಟಿಯೂ ಇಲ್ಲ. ಆನೆಯನ್ನೂ ಆಡನ್ನೂ ಒಂದೇ ಮಣೆಯ ಮೇಲೆ ಕೂರಿಸಿದಂತಾಯಿತು. ಸರ್ಕಾರಗಳು ವಿಚಾರಿಸಲು ಒಪ್ಪಿಸಿದ ಪ್ರಶ್ನೆಗೆ ಆಯೋಗ ವರದಿ ಕೊಡಬಹುದಿತ್ತು, ಸಲಹೆ ಹೇಳಬಹುದಿತ್ತು. ಅದರ ವರದಿ ತೀರ್ಪಲ್ಲ ಎಂದು ಒಪ್ಪಂದದಲ್ಲೇ ಸ್ಪಷ್ಟವಾಗಿ ಬರೆದಿತ್ತು.

1912ರಲ್ಲಿ ಆಯೋಗದ ಕೆಲಸ ಮೊದಲಾಯಿತು. ಅದೇ ವರ್ಷ ಮಾಲಿನ್ಯದ ಪ್ರಶ್ನೆ ಅದರ ಮುಂದೆ ಬಂತು. ಸರೋವರದ ದಡದ ಊರುಗಳಲ್ಲಿ ಆಗ ವಿಷಮಶೀತ ಜ್ವರದ ಹಾವಳಿ. ಒಂದೂರಿನ ಚರಂಡಿ ನೀರನ್ನೇ ಮುಂದಿನ ಊರು ಕುಡಿಯುತ್ತಿತ್ತು. ಆರು ವರ್ಷ ಶೋಧಿಸಿ 1918ರಲ್ಲಿ ಆಯೋಗ ಕೊಟ್ಟ ವರದಿ ನಿರ್ದಾಕ್ಷಿಣ್ಯವಾದದ್ದು. ಡೆಟ್ರಾಯಿಟ್ ಮತ್ತು ನಯಾಗರ ನದಿಗಳ ನೀರು ಕೆಟ್ಟಿದೆ, ಒಪ್ಪಂದಕ್ಕೆ ಭಂಗ ಬಂದಿದೆ, ತಡೆಯಲು ನಮಗೆ ಅಧಿಕಾರ ಕೊಡಿ ಎಂದಿತು. ಕರಡು ಕೂಡ ಸಿದ್ಧವಾಯಿತು. ಅಷ್ಟರಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಪದ್ಧತಿ ಬೇರೂರಿತು, ಜ್ವರ ಇಳಿಯಿತು. ಜ್ವರದ ಜೊತೆಗೆ ಸರ್ಕಾರಗಳ ಆತುರವೂ ಇಳಿಯಿತು. ಚರಂಡಿ ಮಾತ್ರ ಮೊದಲಿನಂತೆ ಸರೋವರಕ್ಕೇ ಹರಿಯುತ್ತಿತ್ತು. ಕರಡು ಕಪಾಟು ಸೇರಿತು.

ಕರ್ತೃ ಸ್ಪಷ್ಟವಾಗಿದ್ದಾಗ ಏನಾಗುತ್ತದೆಂಬುದಕ್ಕೆ ನಿದರ್ಶನ ನೀರಿನದಲ್ಲ, ಗಾಳಿಯದು. ಕೊಲಂಬಿಯಾ ನದಿಯ ಕಣಿವೆಯಲ್ಲಿ, ಕೆನಡಾದ ಟ್ರೇಲ್ ಎಂಬ ಊರಿನಲ್ಲಿ ಸೀಸ ಮತ್ತು ಸತುವಿನ ಅದಿರನ್ನು ಕರಗಿಸುವ ಕಾರ್ಖಾನೆಯೊಂದಿತ್ತು. ಅದರ ಗಂಧಕದ ಹೊಗೆ ಗಡಿ ದಾಟಿ ವಾಷಿಂಗ್ಟನ್ ಸಂಸ್ಥಾನದ ರೈತರ ಬೆಳೆಯನ್ನೂ ಕಾಡನ್ನೂ ಸುಟ್ಟಿತು. ಇಲ್ಲಿ ಅಪರಾಧಿಯ ಸ್ಥಾನದಲ್ಲಿ ನಿಂತದ್ದು ಚಿಕ್ಕ ದೇಶ. 1931ರಲ್ಲಿ ಆಯೋಗ ಮೂರೂವರೆ ಲಕ್ಷ ಡಾಲರ್ ಪರಿಹಾರ ಸೂಚಿಸಿತು. ಅಮೆರಿಕದವರಿಗೆ ಅದು ಒಪ್ಪಿಗೆಯಾಗಲಿಲ್ಲ. ಬಳಿಕ ಪ್ರತ್ಯೇಕ ನ್ಯಾಯಮಂಡಳಿ ಕೂತು, 1938ರಲ್ಲಿ ಇನ್ನೂ 78,000 ಡಾಲರ್ ಕೊಡಿಸಿ, 1941ರಲ್ಲಿ ಅಂತಿಮ ತೀರ್ಪಿತ್ತಿತು. ತನ್ನ ನೆಲವನ್ನು ನೆರೆಯವನ ನೆಲಕ್ಕೆ ಕೇಡಾಗುವಂತೆ ಬಳಸುವ ಹಕ್ಕು ಯಾವ ದೇಶಕ್ಕೂ ಇಲ್ಲ ಎಂದದ್ದು ಆ ತೀರ್ಪು. ಲೋಕದ ಕಾನೂನು ಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ ಜಾಗವಿದೆ. ಒಂದೇ ಕಾರ್ಖಾನೆ, ಒಬ್ಬನೇ ಯಜಮಾನ. ಅಲ್ಲಿ ಬೆರಳು ತೋರಿಸುವುದು ಸುಲಭವಾಗಿತ್ತು.

ಸರೋವರದ ಕಥೆ ಹಾಗಲ್ಲ. ಈರೀ ಉಳಿದ ನಾಲ್ಕಕ್ಕಿಂತ ಆಳ ಕಡಮೆಯದು. ಸರಾಸರಿ 19 ಮೀಟರ್, ಪಶ್ಚಿಮದ ತುದಿಯಲ್ಲಿ ಇನ್ನೂ ಕಡಮೆ. 1953ರ ಸೆಪ್ಟೆಂಬರಿನಲ್ಲಿ ಆ ಪಶ್ಚಿಮ ಭಾಗದ ತಳದಲ್ಲಿ ಒಂದು ಜಾತಿಯ ಹುಳುವಿನ ಮರಿಗಳು ರಾಶಿರಾಶಿಯಾಗಿ ಸತ್ತವು. ಕೆಸರಿನಲ್ಲಿ ಬೆಳೆದು, ರೆಕ್ಕೆ ಮೂಡಿದ ಮೇಲೆ ಒಂದೆರಡು ದಿನವಷ್ಟೇ ಬದುಕುವ ಬಡಜೀವ. ಅದನ್ನು ತಿಂದು ಮೀನು ಬದುಕುತ್ತಿದ್ದವು. ತಳದ ನೀರಿನಲ್ಲಿ ಆಮ್ಲಜನಕ ತೀರಿಹೋಗಿತ್ತು. ಪಾಚಿ ಹೆಚ್ಚಿ, ಸತ್ತು, ಕೊಳೆಯುವಾಗ ಅದನ್ನೆಲ್ಲ ಹೀರಿಕೊಂಡಿತ್ತು.

ಜನ ನೆನಪಿಟ್ಟುಕೊಂಡದ್ದು ಈ ಹುಳುವಿನ ಸಾವನ್ನಲ್ಲ, ಬೆಂಕಿಯನ್ನು. 1969ರ ಜೂನ್ 22ರಂದು ಕ್ಲೀವ್‌ಲ್ಯಾಂಡಿನಲ್ಲಿ ಈರೀಯನ್ನು ಸೇರುವ ಕೈಯಹೋಗ ನದಿ ಹೊತ್ತಿಕೊಂಡಿತು. ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಗೆ ಕಿಡಿ ತಾಗಿತ್ತು. ಬೆಂಕಿ ಅರ್ಧ ಗಂಟೆಯೊಳಗೆ ಆರಿತು, ಅದರ ಚಿತ್ರ ತೆಗೆದವರೂ ಇರಲಿಲ್ಲ. ‘ಟೈಮ್’ ವಾರಪತ್ರಿಕೆ ಅಚ್ಚುಮಾಡಿದ ಪ್ರಸಿದ್ಧ ಚಿತ್ರ 1952ರ ಬೆಂಕಿಯದು. ಅದೇ ನದಿ ಹಿಂದೆ ಎಷ್ಟೋ ಸಲ ಉರಿದಿತ್ತು. ಆಗ ಯಾರಿಗೂ ಅದು ಸುದ್ದಿಯಾಗಿರಲಿಲ್ಲ.

ಪಾಚಿಯನ್ನು ಹೀಗೆ ಬೆಳೆಸುತ್ತಿದ್ದದ್ದು ಯಾವುದು? 1964ರಲ್ಲಿ ಒಪ್ಪಿಸಿದ ಈ ಪ್ರಶ್ನೆಗೆ 1970ರ ಹೊತ್ತಿಗೆ ಆಯೋಗ ಕೊಟ್ಟ ಉತ್ತರ ರಂಜಕ, ಎಂದರೆ ಫಾಸ್ಫರಸ್. ಊರ ಚರಂಡಿಯ ರಂಜಕದಲ್ಲಿ ದೊಡ್ಡ ಪಾಲು ಬಟ್ಟೆ ಒಗೆಯುವ ಪುಡಿಯಿಂದ ಬರುತ್ತಿತ್ತು. ಅಲ್ಲಲ್ಲ, ದೋಷ ಇಂಗಾಲದ್ದು ಎಂದು ಪುಡಿಯ ಉದ್ಯಮದವರು ವಾದ ಹೂಡಿದರು. ಕೆನಡಾ 1970ರಲ್ಲೇ ಪುಡಿಯಲ್ಲಿರುವ ಫಾಸ್ಫೇಟಿಗೆ ಮಿತಿ ಹಾಕಿತು. ಅಮೆರಿಕದ ಸರ್ಜನ್ ಜನರಲ್ 1971ರ ಸೆಪ್ಟೆಂಬರಿನಲ್ಲಿ ಗೃಹಿಣಿಯರಿಗೆ ಫಾಸ್ಫೇಟ್ ಪುಡಿಗೇ ಮರಳಿರಿ ಎಂದು ಸಲಹೆ ಕೊಟ್ಟ. ಬದಲಿ ಪುಡಿಗಳ ತೀಕ್ಷ್ಣ ಕ್ಷಾರ ಮಕ್ಕಳಿಗೆ ಅಪಾಯವೆಂದು ಅವನ ಕಾರಣ. ಒಂದೇ ಸರೋವರದ ಎರಡು ದಡ, ಎರಡು ನೀತಿ!

ಇಷ್ಟು ಭೇದವಿದ್ದರೂ 1972ರ ಏಪ್ರಿಲ್ 15ರಂದು ಒಟ್ಟಾವದಲ್ಲಿ ನಿಕ್ಸನ್ ಮತ್ತು ಟ್ರೂಡೊ ಮಹಾಸರೋವರಗಳ ಜಲಗುಣ ಒಪ್ಪಂದಕ್ಕೆ ರುಜು ಹಾಕಿದರು. ಅರವತ್ತು ವರ್ಷ ಸೊರಗಿದ್ದ ವಾಕ್ಯಕ್ಕೆ ಇಲ್ಲಿ ಕರ್ತೃ ಸಿಕ್ಕಿದ. ಈರೀ ಮತ್ತು ಒಂಟಾರಿಯೊ ಸರೋವರಗಳಿಗೆ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ನಿಗೂ ಹೆಚ್ಚು ನೀರು ಬಿಡುವ ಚರಂಡಿ ಶುದ್ಧೀಕರಣ ಸ್ಥಾವರದಿಂದ ಹೊರಬರುವ ಲೀಟರಿಗೆ ಒಂದು ಮಿಲಿಗ್ರಾಂ ರಂಜಕ, ಅದಕ್ಕೆ ಮೀರಬಾರದು. ಯಾರು, ಎಲ್ಲಿ, ಎಷ್ಟು ಎಂಬ ಮೂರಕ್ಕೂ ಉತ್ತರವಿದ್ದ ಮಾತು ಇದು. ರುಜು ಹಾಕಿದ ನಿಕ್ಸನ್ನೇ ಅದೇ ವರ್ಷದ ಅಕ್ಟೋಬರಿನಲ್ಲಿ ತನ್ನ ದೇಶದ ಜಲಶುದ್ಧಿ ಮಸೂದೆಗೆ ವೆಚ್ಚ ಹೆಚ್ಚೆಂದು ತಡೆಯೊಡ್ಡಿದ; ಕಾಂಗ್ರೆಸ್ ಆ ತಡೆಯನ್ನು ಮೀರಿ ಕಾನೂನು ಮಾಡಿತು. ಆ ಕಾನೂನಿನ ಹಣವಿಲ್ಲದಿದ್ದರೆ ಒಟ್ಟಾವದ ರುಜುವಿಗೆ ಬೆಲೆ ಏನಿರುತ್ತಿತ್ತೋ!

ವಾದ ಮುಗಿದದ್ದು ಮರುವರ್ಷ. ಒಂಟಾರಿಯೊದ ಕಾಡಿನಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು ಸಣ್ಣ ಕೆರೆಯೊಂದರ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದರು. ಎರಡೂ ಪಾಲಿಗೆ ಇಂಗಾಲ, ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆಕಾಶದಿಂದ ತೆಗೆದ ಚಿತ್ರದಲ್ಲಿ ಒಂದು ಪಾಲು ಕಪ್ಪುನೀರು, ಇನ್ನೊಂದು ಹಚ್ಚಹಸುರು. ಅಕ್ಷರ ಬಾರದವನಿಗೂ ಅರ್ಥವಾಗುವ ಪ್ರಬಂಧ ಅದು.

1978ರ ಪರಿಷ್ಕೃತ ಒಪ್ಪಂದ ಈರೀಗೆ ವರ್ಷಕ್ಕೆ 11,000 ಟನ್ ರಂಜಕದ ಮಿತಿ ಇಟ್ಟಿತು. 1980ರ ದಶಕದಲ್ಲಿ ಅದನ್ನು ಮುಟ್ಟಿದ್ದೂ ಆಯಿತು. ಮುಂದಿನ ದಶಕದಲ್ಲಿ ಆ ರೆಕ್ಕೆಹುಳು ಪಶ್ಚಿಮದ ತುದಿಗೆ ಮರಳಿ ಬಂತು. ಈಗ ಅದು ಏಳುವ ಕಾಲದಲ್ಲಿ ದಡದ ಊರುಗಳವರು ಬೀದಿಯಿಂದ ಅದರ ರಾಶಿಯನ್ನು ಸಲಿಕೆಯಲ್ಲಿ ಬಾಚಿ ತೆಗೆಯುವುದೂ ಉಂಟು.

ಇಲ್ಲಿಗೇ ಕಥೆ ಮುಗಿಸಬಹುದಿತ್ತು. 2014ರ ಆಗಸ್ಟಿನಲ್ಲಿ ಈರೀ ದಡದ ಟೊಲೀಡೊ ನಗರದಲ್ಲಿ ಸುಮಾರು ನಾಲ್ಕು ಲಕ್ಷ ಜನಕ್ಕೆ ನಲ್ಲಿಯ ನೀರು ಮುಟ್ಟಬೇಡಿ ಎಂಬ ಸೂಚನೆ ಬಂತು. ಪಾಚಿಯ ವಿಷ. ಕಾಯಿಸಿ ಕುಡಿಯಿರಿ ಎನ್ನುವಂತೆಯೂ ಇರಲಿಲ್ಲ. ಕಾಯಿಸಿದರೆ ವಿಷ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಈ ಸಲ ರಂಜಕ ಬಂದದ್ದು ಹೆಚ್ಚಾಗಿ ಮಾಮೀ ನದಿಯ ಬಯಲಿನ ಜೋಳ, ಸೋಯಾ ಹೊಲಗಳ ಗೊಬ್ಬರದಿಂದ. 2016ರಲ್ಲಿ ಎರಡೂ ಸರ್ಕಾರಗಳು ರಂಜಕವನ್ನು ನೂರಕ್ಕೆ ನಲವತ್ತರಷ್ಟು ಇಳಿಸುವ ಗುರಿ ಒಪ್ಪಿಕೊಂಡವು. ಮಿಶಿಗನ್, ಒಹಾಯೊ, ಒಂಟಾರಿಯೊ ಸರ್ಕಾರಗಳು ಅದಕ್ಕೂ ಮುಂಚೆ, 2015ರಲ್ಲಿ, ಪಶ್ಚಿಮ ಭಾಗಕ್ಕೆ ಅಷ್ಟನ್ನೇ 2025ರೊಳಗೆ ಸಾಧಿಸುವುದಾಗಿ ಮಾತು ಕೊಟ್ಟಿದ್ದವು. ಆ ಗಡುವು ಈಡೇರಲಿಲ್ಲ. ನಿಕ್ಸನ್ ತಡೆದು ಕಾಂಗ್ರೆಸ್ ಉಳಿಸಿದ ಕಾನೂನು ಕೊಳವೆಯ ಬಾಯಿಗೆ ಪರವಾನಗಿ ಕೇಳುತ್ತದೆ. ಹೊಲದ ಮೇಲೆ ಬಿದ್ದು ಹರಿದುಹೋಗುವ ಮಳೆಯ ನೀರಿಗೆ ಕೇಳುವುದಿಲ್ಲ.