ಹರಿ ಒಂದು ಕಡೆ, ಹರ ಒಂದು ಕಡೆ: ಪವರ್ ಪ್ರೊಸೆಸರ್‌ಗೆ ಲಿನಕ್ಸ್ ಹೋದ ಕಥೆ

ಫೋಟೋ 1

ಇದು ಯಾವುದು ಅಂತ ಹೇಳಬೇಕಾಗಿಲ್ಲ. ಹರಿಹರೇಶ್ವರ ದೇವಸ್ಥಾನ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಕಥೆಯೂ ನಿಮಗೆ ಗೊತ್ತು. ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಅಂತ ಗುಹಾಸುರ ಬ್ರಹ್ಮನ ಹತ್ರ ವರ ಪಡೆದ. ವರ ಸುಳ್ಳಾಗಬಾರದು, ರಾಕ್ಷಸನೂ ಉಳೀಬಾರದು. ಹಾಗಾಗಿ ಇಬ್ಬರೂ ಒಂದೇ ದೇಹವಾಗಿ ಬಂದರು. ಒಳಗಿನ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು.

ಆದರೆ ಈ ಸಲದ ಸರಣಿ ದೇವಸ್ಥಾನದ್ದಲ್ಲ, ಕಂಪ್ಯೂಟರ್‌ದು. ಸ್ಕ್ರೋಲ್ ಮಾಡಿ ಹೋಗಬೇಡಿ, ಮೂರ್ತಿ ಮತ್ತೆ ಬರುತ್ತೆ.

ನಿಮ್ಮ ಫೋನಿನಲ್ಲಿರೋದು ಎಆರ್‌ಎಂ ಪ್ರೊಸೆಸರ್. ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಇಂಟೆಲ್ ಅಥವಾ ಎಎಂಡಿ. ಇವೆರಡನ್ನೂ ಬಿಟ್ಟು ಇನ್ನೊಂದು ಜಾತಿ ಇದೆ, ಐಬಿಎಂನ ಪವರ್. ಅಂಗಡಿಯಲ್ಲಿ ಸಿಗಲ್ಲ, ನೀವು ಕಣ್ಣಿಂದ ನೋಡಿರೋದು ಕಷ್ಟ. ಬ್ಯಾಂಕು, ದೊಡ್ಡ ಕಂಪನಿಗಳ ಸರ್ವರ್ ಕೋಣೆಯಲ್ಲಿ ತಣ್ಣಗೆ ಕೂತು ಕೆಲಸ ಮಾಡೋ ಯಂತ್ರ ಅದು. ಈ ಪ್ರೊಸೆಸರ್ ಅಂಕಿಗಳನ್ನ ಎರಡು ಕ್ರಮದಲ್ಲೂ ಓದಬಲ್ಲದು. ಒಂದೇ ದೇಹ, ಎರಡು ರೂಪ. ಅದರ ಮೇಲೆ ಲಿನಕ್ಸ್ ಓಡೋ ಹಾಗೆ ಮಾಡಿದ ಕೆಲಸದಲ್ಲಿ ಒಂದು ಪಾಲು ನಮ್ಮ ಬೆಂಗಳೂರಿನದು.

ಫೋಟೋ 2

ಮೊದಲು ಈ ಕ್ರಮ ಅಂದ್ರೆ ಏನು ನೋಡೋಣ.

ನಾವು 'ಇಪ್ಪತ್ತೈದು' ಅಂತೀವಿ. ಇಪ್ಪತ್ತು ಮೊದಲು, ಐದು ಆಮೇಲೆ. ದಾವಣಗೆರೆ ಮಾರ್ಕೆಟ್ಟಿನಲ್ಲಿ ಪಕ್ಕದ ಅಂಗಡಿಯವರು ಉರ್ದುವಿನಲ್ಲಿ 'ಪಚ್ಚೀಸ್' ಅಂತಾರೆ, ಅದರಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಇಬ್ಬರೂ ಕೊಡೋದು ಅದೇ ಇಪ್ಪತ್ತೈದು ರೂಪಾಯಿ, ಜಗಳ ಏನಿಲ್ಲ. ದಾವಣಗೆರೆ ಜಿಲ್ಲೆಯಾದ ದಿನವನ್ನ 15-08-1997 ಅಂತ ಬರೆದರೂ ಒಂದೇ, 1997-08-15 ಅಂತ ಬರೆದರೂ ಒಂದೇ. ಶಾಸನ ಓದೋರನ್ನ ಕೇಳಿ ನೋಡ್ರಿ. ಶಕವರ್ಷವನ್ನ ಪದಗಳಲ್ಲಿ ಹೇಳಿದಾಗ ಅಂಕಿಗಳನ್ನ ಬಲದಿಂದ ಎಡಕ್ಕೆ ಜೋಡಿಸ್ಕೋಬೇಕು. ಈ ನಿಯಮ ಗೊತ್ತಿಲ್ಲದವರಿಗೆ ವರ್ಷವೇ ಬೇರೆ ಬರುತ್ತೆ.

ಕಂಪ್ಯೂಟರ್ ಒಳಗೂ ಇದೇ ಸಮಸ್ಯೆ. 1224 ಅನ್ನೋ ಸಂಖ್ಯೆಯನ್ನ ನಾಲ್ಕು ಬೈಟ್‌ನಲ್ಲಿ ಇಡಬೇಕು ಅಂದ್ಕೊಳ್ಳಿ. ದೊಡ್ಡ ತುದಿ ಮೊದಲು ಅನ್ನೋ ಕ್ರಮದಲ್ಲಿ ಅದು 0, 0, 4, 200. (4 ಗುಣಿಸು 256, ಅದಕ್ಕೆ 200 ಕೂಡಿಸಿದ್ರೆ 1224.) ಚಿಕ್ಕ ತುದಿ ಮೊದಲು ಅಂದ್ರೆ 200, 4, 0, 0. ಮೊದಲನೆಯದಕ್ಕೆ ಬಿಗ್ ಎಂಡಿಯನ್, ಎರಡನೆಯದಕ್ಕೆ ಲಿಟಲ್ ಎಂಡಿಯನ್ ಅಂತ ಹೆಸರು. ಗಲಿವರನ ಪ್ರವಾಸದ ಕಥೆಯಲ್ಲಿ ಮೊಟ್ಟೆಯನ್ನ ಯಾವ ತುದಿಯಿಂದ ಒಡೀಬೇಕು ಅಂತ ಯುದ್ಧ ಮಾಡೋ ಜನ ಇದಾರಲ್ಲ, ಅಲ್ಲಿಂದ ಎತ್ತಿಕೊಂಡು 1980ರಲ್ಲಿ ಡ್ಯಾನಿ ಕೋಹೆನ್ ಅನ್ನೋ ವಿಜ್ಞಾನಿ ಇಟ್ಟ ಹೆಸರು.

ಒಂದು ಕ್ರಮದಲ್ಲಿ ಬರೆದಿದ್ದನ್ನ ಇನ್ನೊಂದು ಕ್ರಮದಲ್ಲಿ ಓದಿದ್ರೆ? ಪೋಲಾಳ್ವನ 1224 ಹೋಗಿ 3,35,57,05,344 ಆಗುತ್ತೆ. 335 ಕೋಟಿ ಚಿಲ್ಲರೆ. ಬ್ಯಾಂಕ್ ಬ್ಯಾಲೆನ್ಸ್ ಆಗಿದ್ರೆ ಚೆನ್ನಾಗಿತ್ತು.

ಇಂಟೆಲ್ ಯಂತ್ರಗಳು ಹುಟ್ಟಿನಿಂದ ಚಿಕ್ಕ ತುದಿ. ಐಬಿಎಂನ ದೊಡ್ಡ ಮೇನ್‌ಫ್ರೇಮ್‌ಗಳು ದೊಡ್ಡ ತುದಿ. ಪವರ್ ಎರಡನ್ನೂ ಬಲ್ಲದು, ಆದರೂ ಅದರ ಮೇಲಿನ ಸಾಫ್ಟ್‌ವೇರ್ ಬಹುಕಾಲ ದೊಡ್ಡ ತುದಿಯಲ್ಲೇ ನಡೀತು.

ಫೋಟೋ 3

ಇದು ಹಳೇ ಲೇತ್‌ನ ಪಕ್ಕದ ಗೇರ್ ಪೆಟ್ಟಿಗೆ. ಹರಿಹರದವರಿಗೆ ಲೇತ್ ಅಂದ್ರೆ ಮೈಸೂರು ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿಂದ ಹೋದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್, ಐಟಿಐಗಳಲ್ಲಿ ತಿರುಗಿದವು.

ಪೋರ್ಟಿಂಗ್ ಅಂದ್ರೆ ಏನು ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ಈ ಪೆಟ್ಟಿಗೆಯಿಂದ. ಲೇತ್‌ನ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು ಅಂದ್ಕೊಳ್ಳಿ. ಅದರಲ್ಲಿ ಮಿಲಿಮೀಟರ್ ಲೆಕ್ಕದ ಮರೆ ಕತ್ತರಿಸಬೇಕು. ಒಂದು ಇಂಚು ಅಂದ್ರೆ ಸರಿಯಾಗಿ 25.4 ಮಿ.ಮೀ. ಅದನ್ನ ಐದರಿಂದ ಗುಣಿಸಿದ್ರೆ 127. ಈ 127 ಅವಿಭಾಜ್ಯ ಸಂಖ್ಯೆ, ಒಡೆದು ಚಿಕ್ಕದು ಮಾಡಕ್ಕಾಗಲ್ಲ. ಅದಕ್ಕೇ 127 ಹಲ್ಲಿನ ಗೇರ್ ಒಂದನ್ನ ನಡುವೆ ಹಾಕಬೇಕು. ಹಾಕಿದ್ರೆ ಹಳೇ ಯಂತ್ರ ಹೊಸ ಅಳತೆಯ ಕೆಲಸ ಮಾಡುತ್ತೆ. ಹಾಕದೇ ಹತ್ತಿರದ ಗೇರ್‌ನಲ್ಲಿ ಸುಧಾರಿಸಿದ್ರೆ ಅಳತೆ ಕರಾರುವಾಕ್ಕಾಗಿ ಬರಲ್ಲ.

ಲಿನಕ್ಸನ್ನ ಬೇರೆ ಪ್ರೊಸೆಸರ್‌ಗೆ ಒಯ್ಯೋದೂ ಹೀಗೇ. ಕರ್ನಲ್‌ನ ಬಹುಪಾಲು ಎಲ್ಲ ಯಂತ್ರಕ್ಕೂ ಒಂದೇ. ಆದರೆ ಕೆಳಗಿನ ಒಂದು ಪದರ (ಮೆಮೊರಿ ಹೇಗೆ ಹಂಚಬೇಕು, ಹೊರಗಿಂದ ಯಾರೋ ಕೂಗಿದ್ರೆ ಕೈಯಲ್ಲಿದ್ದ ಕೆಲಸ ಹೇಗೆ ನಿಲ್ಲಿಸಬೇಕು, ಅಂಕಿ ಯಾವ ತುದಿಯಿಂದ ಓದಬೇಕು) ಪ್ರತಿ ಪ್ರೊಸೆಸರ್‌ಗೂ ಬೇರೆಯಾಗಿ ಬರೀಬೇಕು. 64 ಬಿಟ್ ಪವರ್‌ಗೆ ಆ ಪದರ 2001ರ ಆಸುಪಾಸಿನಲ್ಲಿ ಬಂತು. ಆಸ್ಟ್ರೇಲಿಯಾದ ಪಾಲ್ ಮೆಕೆರಸ್ ಬಹಳ ವರ್ಷ ಅದರ ಉಸ್ತುವಾರಿ ನೋಡಿಕೊಂಡರು.

ಬೆಂಗಳೂರು ಎಲ್ಲಿ ಬಂತು? ಮುಂದೆ ನೋಡಿ.

ಫೋಟೋ 4

ಈ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿ. ಲಿನಕ್ಸ್ ಕರ್ನಲ್‌ನ ಪವರ್ ವಿಭಾಗದಲ್ಲಿ ಕೆಪ್ರೋಬ್ಸ್ ಅನ್ನೋ ಫೈಲಿನ ತಲೆಬರಹ. ಯಾರು, ಯಾವಾಗ, ಏನು ಮಾಡಿದರು ಅಂತ ಅಲ್ಲೇ ಬರೆದಿದೆ. ಶಾಸನದ ಹಾಗೆ. 2002ರ ಅಕ್ಟೋಬರ್‌ನಲ್ಲಿ ಮೊದಲ ರೂಪ ಬರೆದವರು ವಂಶಿಕೃಷ್ಣ ಎಸ್. 2004ರ ಜುಲೈನಲ್ಲಿ ಸುಪರ್ಣಾ ಭಟ್ಟಾಚಾರ್ಯ ಒಂದು ಭಾಗ ಸೇರಿಸಿದರು. 2004ರ ನವೆಂಬರ್‌ನಲ್ಲಿ 64 ಬಿಟ್ ಪವರ್‌ಗೆ ಪೋರ್ಟ್ ಮಾಡಿದವರು ಅನಂತ್ ಎನ್. ವಿಳಾಸಗಳು ಐಬಿಎಂನ ಭಾರತ ವಿಭಾಗದ್ದು. ಬೆಂಗಳೂರಿನಲ್ಲಿ ಅದರ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಇತ್ತು. ಕರ್ನಲ್‌ನ ಉಸ್ತುವಾರಿದಾರರ ಪಟ್ಟಿಯಲ್ಲಿ ಅನಂತ್ ಅವರ ಹೆಸರು ಪೂರ್ತಿಯಾಗಿ ಬಂತು: ಅನಂತ್ ಎನ್. ಮಾವಿನಕಾಯನಹಳ್ಳಿ.

ಮಾವಿನಕಾಯನಹಳ್ಳಿ! ಜಗತ್ತಿನ ಎಲ್ಲ ಲಿನಕ್ಸ್ ಪ್ರತಿಯ ಜೊತೆ ಆ ಹಳ್ಳಿ ಹೆಸರು ಊರೂರು ಸುತ್ತಿದೆ. ಇಂಗ್ಲಿಷ್ ಅಕ್ಷರದಲ್ಲಿ ಅದನ್ನ ಉಚ್ಚರಿಸೋಕೆ ಹೋದ ಫಿನ್‌ಲೆಂಡ್, ಜಪಾನಿನವರ ಪಾಡು ನೆನೆಸ್ಕೊಂಡು ನಾನಂತೂ ಸುಮಾರು ಹೊತ್ತು ನಕ್ಕೆ.

ಈಗ ಕೆಲಸದ ವಿಷಯ. ಸರ್ವರ್ ಓಡ್ತಾ ಇದೆ, ಒಳಗೆ ಏನೋ ತಪ್ಪಾಗ್ತಿದೆ. ನಿಲ್ಲಿಸಿ ನೋಡೋ ಹಾಗಿಲ್ಲ, ಸಾವಿರಾರು ಜನ ಬಳಸ್ತಿದಾರೆ. ಓಡೋ ಯಂತ್ರದ ಒಳಗೇ ಕೈ ಹಾಕಿ ನಾಡಿ ಹಿಡಿಯೋ ಉಪಾಯ ಕೆಪ್ರೋಬ್ಸ್. ನಮಗೆ ಬೇಕಾದ ಜಾಗದ ಒಂದು ಆದೇಶವನ್ನ ಎತ್ತಿಟ್ಟು, ಅಲ್ಲಿ 'ನಿಲ್ಲು' ಅನ್ನೋ ಆದೇಶ ಇಡೋದು. ಪ್ರೊಸೆಸರ್ ಅಲ್ಲಿಗೆ ಬಂದು ನಿಂತಾಗ ಬೇಕಾದ್ದು ನೋಡ್ಕೊಂಡು, ಎತ್ತಿಟ್ಟ ಆದೇಶವನ್ನ ಬೇರೆ ಕಡೆ ನಡೆಸಿ, ಏನೂ ಆಗಿಲ್ಲ ಅನ್ನೋ ಹಾಗೆ ಮುಂದಕ್ಕೆ ಕಳಿಸೋದು.

ಇಂಟೆಲ್‌ನಲ್ಲಿ ಆದೇಶಗಳು ಒಂದರಿಂದ 15 ಬೈಟ್‌ವರೆಗೆ ಎಷ್ಟಾದರೂ ಉದ್ದ ಇರಬಹುದು, 'ನಿಲ್ಲು' ಒಂದೇ ಬೈಟ್. ಪವರ್‌ನಲ್ಲಿ ಆಗ ಎಲ್ಲ ಆದೇಶವೂ ಕರಾರುವಾಕ್ಕಾಗಿ ನಾಲ್ಕು ಬೈಟ್. ಇದು ಸುಲಭವೇ. ಕಷ್ಟ ಬೇರೆ ಕಡೆ ಇತ್ತು. ಹಳೇ 64 ಬಿಟ್ ಪವರ್‌ನಲ್ಲಿ ಒಂದು ಫಂಕ್ಷನ್‌ನ ಹೆಸರು ಹಿಡಿದು ಹೋದ್ರೆ ಫಂಕ್ಷನ್ ಸಿಗಲ್ಲ, ಅದರ ವಿಳಾಸ ಬರೆದ ಚೀಟಿ ಸಿಗುತ್ತೆ. ಮನೆ ಕೇಳಿದ್ರೆ ಪೋಸ್ಟಾಫೀಸು ತೋರಿಸಿದ ಹಾಗೆ. ಗೊತ್ತಿಲ್ಲದೇ ಆ ಚೀಟಿಯ ಮೇಲೇ 'ನಿಲ್ಲು' ಬರೆದ್ರೆ ವಿಳಾಸವೇ ಹಾಳು, ಸರ್ವರ್ ಮಲಗುತ್ತೆ. ಇಂಥವನ್ನ ಒಂದೊಂದೇ ಹುಡುಕಿ ಸರಿಮಾಡೋದೇ ಪೋರ್ಟಿಂಗ್. ಮಾಡಿದ ಮೇಲೆ ಯಾರಿಗೂ ಕಾಣಲ್ಲ.

ಅದು ಮುಗಿಯೋದೂ ಇಲ್ಲ ಬಿಡಿ. ಪವರ್10ರಲ್ಲಿ ಎಂಟು ಬೈಟ್‌ನ ಆದೇಶಗಳು ಬಂದವು, ಕೆಪ್ರೋಬ್ಸ್‌ಗೆ ಮತ್ತೆ ಪಾಠ ಹೇಳಬೇಕಾಯ್ತು.

ಫೋಟೋ 5

2013ರ ಆಗಸ್ಟ್. ಐಬಿಎಂ, ಗೂಗಲ್, ಎನ್‌ವಿಡಿಯಾ, ಮೆಲನಾಕ್ಸ್, ಟಯಾನ್ ಸೇರಿ ಓಪನ್‌ಪವರ್ ಒಕ್ಕೂಟ ಘೋಷಿಸಿದರು. ಪವರ್ ವಿನ್ಯಾಸವನ್ನ ಬೇರೆಯವರಿಗೂ ಕೊಡ್ತೀವಿ ಅಂತ. ಆದರೆ ಒಂದು ಅಡ್ಡಿ ಇತ್ತು. ಪ್ರೋಗ್ರಾಂ ಬರೆಯೋರು ಬರೆಯೋದು ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಎಲ್ಲವೂ ಚಿಕ್ಕ ತುದಿ ಮೊದಲು. ಬೇರೆ ಕ್ರಮ ಇದೆ ಅಂತಲೇ ಎಷ್ಟೋ ಜನಕ್ಕೆ ನೆನಪಿರಲ್ಲ. ಹಾಗೆ ಬರೆದ ಪ್ರೋಗ್ರಾಂ ಪವರ್‌ಗೆ ಬಂದಾಗ 1224 ಹೋಗಿ 335 ಕೋಟಿ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಕೂಡ ಚಿಕ್ಕ ತುದಿಯದ್ದೇ.

ಪ್ರತಿ ಪ್ರೋಗ್ರಾಂಗೂ 127ರ ಗೇರ್ ಹಾಕ್ತಾ ಕೂರೋದಾ? ಬೇಡ, ಲೀಡ್ ಸ್ಕ್ರೂನೇ ಬದಲಾಯಿಸೋಣ ಅಂದರು. ಪ್ರೊಸೆಸರ್ ಒಳಗೆ ಒಂದೇ ಒಂದು ಬಿಟ್ ತಿರುಗಿಸಿದ್ರೆ ಅದು ಚಿಕ್ಕ ತುದಿಯ ಯಂತ್ರ. ಒಂದು ಬಿಟ್ ಅಂತ ಹೇಳೋದು ಸುಲಭ. ಮೇಲಿರೋ ಕರ್ನಲ್, ಕಂಪೈಲರ್, ಸಾವಿರಾರು ಪ್ಯಾಕೇಜು ಎಲ್ಲ ಮತ್ತೆ ಕಟ್ಟಬೇಕು. ಹೇಗೂ ಎಲ್ಲ ಹೊಸದಾಗಿ ಕಟ್ತಿದೀವಲ್ಲ ಅಂತ ಆ ವಿಳಾಸದ ಚೀಟಿಯನ್ನೂ ಆಗಲೇ ಕೈಬಿಟ್ಟರು. 2014ರ ಏಪ್ರಿಲ್‌ನ ಉಬುಂಟು 14.04 ಈ ಹೊಸ ಕ್ರಮದಲ್ಲಿ ಬಂತು. 2015ರ ಏಪ್ರಿಲ್‌ನಲ್ಲಿ ಡೆಬಿಯನ್ 8.

ಪವರ್8ರಲ್ಲಿ ಒಂದು ತಮಾಷೆ ಉಳೀತು. ದೊಡ್ಡ ವೆಕ್ಟರ್ ಲೆಕ್ಕಗಳನ್ನ ಮೆಮೊರಿಯಿಂದ ಎತ್ತಿಕೊಳ್ಳುವಾಗ ಎರಡು ಅರ್ಧಗಳು ಅದಲುಬದಲಾಗಿ ಬರ್ತಿದ್ದವು. ಕಂಪೈಲರ್ ಪ್ರತಿ ಸಲ ಒಂದು ತಿರುವು ಸೇರಿಸೋದು, ಆಮೇಲೆ ಬೇಡದ ತಿರುವುಗಳನ್ನ ಹುಡುಕಿ ತೆಗೆಯೋದು. ಪವರ್9ರಲ್ಲಿ ಅದಕ್ಕೆ ಸರಿಯಾದ ಆದೇಶ ಕೊಟ್ಟರು. ಅದೇ ಪವರ್9, ಚಿಕ್ಕ ತುದಿಯ ಲಿನಕ್ಸ್ ಹಾಕ್ಕೊಂಡು, 2018ರ ಜೂನ್‌ನಲ್ಲಿ ಅಮೆರಿಕದ ಓಕ್ ರಿಜ್‌ನ ಸಮಿಟ್ ಸೂಪರ್‌ಕಂಪ್ಯೂಟರ್ ಆಗಿ ಜಗತ್ತಿನ ಪಟ್ಟಿಯಲ್ಲಿ ಮೊದಲನೆಯದಾಯ್ತು. 9,216 ಪವರ್9 ಪ್ರೊಸೆಸರ್, 27,648 ಎನ್‌ವಿಡಿಯಾ ಕಾರ್ಡ್.

ಹಳೇ ಕ್ರಮ ಸತ್ತಿಲ್ಲ. ಐಬಿಎಂನದೇ ಎಐಎಕ್ಸ್ ಇವತ್ತಿಗೂ ದೊಡ್ಡ ತುದಿ. ಒಂದೇ ಪವರ್ ಸರ್ವರಿನಲ್ಲಿ ಒಂದು ಭಾಗದಲ್ಲಿ ಎಐಎಕ್ಸ್, ಪಕ್ಕದ ಭಾಗದಲ್ಲಿ ಚಿಕ್ಕ ತುದಿಯ ಲಿನಕ್ಸ್, ಎರಡೂ ಏಕಕಾಲಕ್ಕೆ ನಡೀತವೆ. ಈಗ ಮೊದಲನೇ ಫೋಟೋಗೆ ವಾಪಸ್ ಹೋಗಿ ನೋಡ್ಕೊಂಡು ಬನ್ನಿ.

ಫೋಟೋ 6

ಕೊನೇದು. ಕಿರ್ಲೋಸ್ಕರ್ ಲೇತ್, ಈಗಲೂ ಕೆಲಸ ಮಾಡ್ತಿರೋದು.

ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಆ ಮನೆಗಳವರು ಈ ಪೇಜಿನಲ್ಲೂ ಇದೀರಿ, ನಾನು ಹೇಳೋದೇನೂ ಉಳಿದಿಲ್ಲ. ಆದರೆ ಲೇತ್‌ಗಳು ತಿರುಗ್ತಾ ಇವೆ. ಗೇರ್ ಸವೆದರೆ ಮಾಲೀಕ ಹಳೇದನ್ನ ಬಿಚ್ಚಿ, ಹಲ್ಲು ಎಣಿಸಿ, ಅಳತೆ ತಗೊಂಡು ಇನ್ನೊಂದು ಕತ್ತರಿಸಿಕೊಳ್ತಾನೆ. ಕಂಪನಿಯನ್ನ ಕೇಳಬೇಕಾಗಿಲ್ಲ. ಯಂತ್ರ ಬಿಚ್ಚಿ ನೋಡೋಕೆ ಬರುತ್ತೆ, ಅಷ್ಟೇ.

ಪವರ್‌ಗೆ ಬೆನ್ನಿಗೆ ನಿಂತ ಕಂಪನಿ ಇತ್ತು. ಇಟಾನಿಯಂಗೆ ಇದ್ದವರು ಕೈಬಿಟ್ಟರು. ಇಂಟೆಲ್ ಮತ್ತು ಎಚ್‌ಪಿ ಸೇರಿ ಮಾಡಿದ ಸರ್ವರ್ ಪ್ರೊಸೆಸರ್ ಅದು, 2001ರಲ್ಲಿ ಬಂತು. ಬರೋ ಮೊದಲೇ, 2000ದಲ್ಲೇ, ಅದಕ್ಕೆ ಲಿನಕ್ಸ್ ಪೋರ್ಟ್ ಸಿದ್ಧವಾಗಿತ್ತು. ಇಡೀ ಜಗತ್ತಿನ ಸರ್ವರ್ ಇದರದೇ ಆಗುತ್ತೆ ಅಂದಿದ್ದರು, ಆಗಲಿಲ್ಲ. 2021ರ ಶುರುವಿನಲ್ಲಿ ಕರ್ನಲ್‌ನ ಉಸ್ತುವಾರಿ ಪಟ್ಟಿಯಲ್ಲಿ ಅದರ ಮುಂದೆ 'ಅನಾಥ' ಅಂತ ಬರೆದರು. ಅಲ್ಲಿ ನಿಜವಾಗಿ ಬಳಸೋ ಪದವೇ ಅದು. ಅದೇ ವರ್ಷ ಜುಲೈನಲ್ಲಿ ಇಂಟೆಲ್ ಕೊನೇ ಸರಕು ಕಳಿಸಿತು. 2024ರ ಜನವರಿಯ ಲಿನಕ್ಸ್ 6.7ರಲ್ಲಿ ಇಟಾನಿಯಂನ ಪದರವನ್ನೇ ಕಿತ್ತು ಹಾಕಿದರು, ಸುಮಾರು 65 ಸಾವಿರ ಸಾಲು.

ಕಿತ್ತದ್ದು ತಪ್ಪು ಅಂತ ನಾನು ಹೇಳಲ್ಲ. ನೋಡಿಕೊಳ್ಳೋರು ಇಲ್ಲದ ಪದರ ಉಳಿದವರ ಕೆಲಸಕ್ಕೂ ಅಡ್ಡ. ಆದರೆ ಅದೇ ಯಂತ್ರದ ಮೇಲೆ ಎಚ್‌ಪಿಯ ಸ್ವಂತ ಎಚ್‌ಪಿ-ಯುಎಕ್ಸ್ ಕೂಡ ಓಡ್ತಿತ್ತು. ಅದರ ನಿಗದಿತ ಬೆಂಬಲ 2025ರ ಡಿಸೆಂಬರ್ 31ಕ್ಕೆ ಮುಗೀತು. ಅದರ ಮೂಲ ಬಳಕೆದಾರರ ಕೈಗೆ ಬಂದಿಲ್ಲ, ಹಲ್ಲು ಎಣಿಸೋ ಹಾಗಿಲ್ಲ.

ಲಿನಕ್ಸಿನದು ಹಾಗಲ್ಲ. ಕಿತ್ತ ಸಾಲುಗಳೆಲ್ಲ ಹಳೇ ಆವೃತ್ತಿ 6.6ರಲ್ಲಿ ಹಾಗೇ ಇವೆ, ಯಾರು ಬೇಕಾದ್ರೂ ತೆಗೀಬಹುದು. ಕಂಪನಿ ಇಲ್ಲ, ಸಂಬಳ ಇಲ್ಲ. ಮನೆಯಲ್ಲಿ ಹಳೇ ಇಟಾನಿಯಂ ಸರ್ವರ್ ಇಟ್ಕೊಂಡ ಕೆಲವು ಜನ ಆ ಸಾಲುಗಳನ್ನ ತಮ್ಮ ಪ್ರತಿಗೆ ಮತ್ತೆ ಜೋಡಿಸಿ, 6.7ರ ನಂತರದ ಕರ್ನಲ್‌ಗಳನ್ನೂ ಅದರ ಮೇಲೆ ಓಡಿಸ್ತಿದಾರೆ.