ಕಾಶಿಯಲ್ಲಿ ಆರೋಗ್ಯವನ್ನು ಅಳೆದ ಉಡುಪರು

ಹಿರಿಯರು ಕಾಶಿ-ಗಯೆ ಯಾತ್ರೆ ಮುಗಿಸಿ ಬಂದರೆಂದರೆ ನೆರೆಹೊರೆಯವರು ಕೇಳುವ ಮಾತೊಂದುಂಟು: "ಏನು ಬಿಟ್ಟು ಬಂದಿರಿ?" ಒಂದು ಹಣ್ಣು, ಒಂದು ತರಕಾರಿಯನ್ನು ಯಾತ್ರೆಯಲ್ಲಿ ಬಿಟ್ಟು ಬರುವುದು ನಮ್ಮ ಸಂಪ್ರದಾಯ. ಇಷ್ಟವಾದದ್ದನ್ನೇ ಬಿಡಬೇಕೆಂಬುದು ಕ್ರಮ. ಹಾಗಲಕಾಯಿ ಬಿಟ್ಟು ಪುಣ್ಯ ಸಂಪಾದಿಸಿದ ಜಾಣರೂ ನಮ್ಮಲ್ಲಿ ಕಡಿಮೆಯಿಲ್ಲ. ನಾಲಿಗೆಯ ಹಿಡಿತಕ್ಕೂ ಮನಸ್ಸಿನ ನೆಮ್ಮದಿಗೂ ನಂಟಿದೆಯೆಂಬುದನ್ನು ಹಿಂದಿನವರು ಹೀಗೆ ಆಚಾರದಲ್ಲಿ ಇರಿಸಿಕೊಂಡಿದ್ದರು. ಅದೇ ಕಾಶಿಯಲ್ಲಿ ಆಹಾರ, ದೇಹದ ರಸಾಯನ, ಮನಸ್ಸು ಇವುಗಳ ನಂಟನ್ನು ಪ್ರಯೋಗಶಾಲೆಯಲ್ಲಿ ಅಳೆದು ನೋಡಿದವರಲ್ಲಿ ನಮ್ಮ ದಕ್ಷಿಣ ಕನ್ನಡದವರೊಬ್ಬರು ಮುಂದಾಳಾಗಿದ್ದರು. ಅವರೇ ಡಾ. ಕಟೀಲು ನರಸಿಂಹ ಉಡುಪರು.

ವೈದ್ಯಕ್ಕೂ ಕಾಶಿಗೂ ಇರುವ ಸಂಬಂಧ ಬಹಳ ಹಳೆಯದು. ಕಾಶಿಯ ದೊರೆ ದಿವೋದಾಸ ಧನ್ವಂತರಿ ಶಿಷ್ಯರಿಗೆ ಉಪದೇಶಿಸಿದ ವಿದ್ಯೆಯೆಂದೇ ಸುಶ್ರುತ ಸಂಹಿತೆ ತನ್ನನ್ನು ಹೇಳಿಕೊಳ್ಳುತ್ತದೆ. ಅದು ಶಸ್ತ್ರಚಿಕಿತ್ಸೆಗೆ ಹೆಸರಾದ ಗ್ರಂಥ. ಆದರೂ ಆರೋಗ್ಯವಂತನಾರೆಂದು ಹೇಳುವಾಗ ಅದು ದೋಷಗಳ ಸಮತೆ, ಜಠರಾಗ್ನಿ, ಧಾತುಗಳು, ಮಲವಿಸರ್ಜನೆ ಇಷ್ಟಕ್ಕೇ ನಿಲ್ಲುವುದಿಲ್ಲ. ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರಬೇಕೆಂದು ಸೇರಿಸುತ್ತದೆ.

1916ರಲ್ಲಿ ಮದನಮೋಹನ ಮಾಳವೀಯರು ಇಲ್ಲಿ ಹಿಂದೂ ವಿಶ್ವವಿದ್ಯಾನಿಲಯ ಕಟ್ಟಿದರು. ಅದರ ಮೊದಲ ಛಾನ್ಸಲರ್ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿನ ಆಯುರ್ವೇದ ಕಾಲೇಜಿನಲ್ಲಿ ಹಳೆಯ ಶಾಸ್ತ್ರದ ಜೊತೆಗೆ ಆಧುನಿಕ ವೈದ್ಯವನ್ನೂ ಕಲಿಸುತ್ತಿದ್ದರು. 1920ರಲ್ಲಿ ಹುಟ್ಟಿದ ಉಡುಪರು ಊರು ಬಿಟ್ಟು ಅಷ್ಟು ದೂರ ಹೋಗಿ ಆ ವಿದ್ಯೆ ಕಲಿತರು. ಬಳಿಕ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರಚಿಕಿತ್ಸೆಯ ಉನ್ನತ ಪದವಿ ಪಡೆದರು.

1950ರ ದಶಕದಲ್ಲಿ ಅವರು ಡಾ. ಡನ್ಫಿಯವರೊಡನೆ ಸೇರಿ ಹಿಡಿದ ಪ್ರಶ್ನೆ ಸರಳವಾದದ್ದು: ಗಾಯ ಮಾಯುವುದು ಹೇಗೆ? 1955ರಲ್ಲಿ ಪ್ರಕಟವಾದ ಅವರ ಲೇಖನ, ಮಾಯುವ ಗಾಯದೊಳಗಿನ ರಾಸಾಯನಿಕ ಕ್ರಮವನ್ನು ವಿವರಿಸಿತು. ಮೊದಲು ಅಂಟಿನಂಥ ದ್ರವ್ಯ ಕೂಡುತ್ತದೆ, ಆಮೇಲೆ ಕೊಲಾಜನ್ ಎಂಬ ನಾರು ಹೆಣೆದುಕೊಂಡು ಗಾಯಕ್ಕೆ ಬಲ ಕೊಡುತ್ತದೆ. ಮರುವರ್ಷದ ಲೇಖನದಲ್ಲಿ ಅವರು ಸಿ ಜೀವಸತ್ವದ ಕೊರತೆಯನ್ನು ಪರಿಶೀಲಿಸಿದರು. ಈ ಜೀವಸತ್ವವಿಲ್ಲದೆ ಕೊಲಾಜನ್ ಸರಿಯಾಗಿ ಹೆಣೆಯಲಾರದು. 1747ರಲ್ಲಿ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್, ಒಸಡು ಕೊಳೆತು ನರಳುತ್ತಿದ್ದ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದ್ದರ ಹಿಂದಿನ ಗುಟ್ಟೂ ಇದೇ. ನಮ್ಮ ಅಡುಗೆಮನೆಯ ನೆಲ್ಲಿಕಾಯಿ ಮಾಡುವ ಕೆಲಸವೂ ಇದೇ.

1958ರಲ್ಲಿ ಭಾರತ ಸರಕಾರವು ಆಯುರ್ವೇದದ ಸ್ಥಿತಿಗತಿಯನ್ನು ಪರಿಶೀಲಿಸಲು ಉಡುಪರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಆಗ ದೇಶದ ವೈದ್ಯ ಪ್ರಪಂಚದಲ್ಲಿ ಎರಡು ಪಕ್ಷಗಳಿದ್ದವು. ಹಳೆಯದೆಲ್ಲ ಮೂಢನಂಬಿಕೆ ಎಂಬುವರು ಒಂದು ಕಡೆ, ಹಳೆಯದನ್ನು ಪರೀಕ್ಷಿಸುವುದೇ ತಪ್ಪೆಂಬುವರು ಇನ್ನೊಂದು ಕಡೆ. ಉಡುಪರ ಉತ್ತರ, ಪರೀಕ್ಷಿಸಿ ನೋಡೋಣ ಎಂಬುದಾಗಿತ್ತು. ಕಾಶಿಗೆ ಮರಳಿದ ಮೇಲೆ ಅವರು ಆರಿಸಿಕೊಂಡ ಗಿಡಗಳಲ್ಲೊಂದು ನಮ್ಮ ಮಂಗರವಳ್ಳಿ. ಮಲೆನಾಡಿನವರು ಚಟ್ನಿ ಮಾಡಿ ತಿನ್ನುವ, ಹಿಂದಿಯವರು 'ಹಡ್‌ಜೋಡ್', ಅಂದರೆ ಮೂಳೆ ಕೂಡಿಸುವುದು, ಎಂದು ಕರೆಯುವ ಬಳ್ಳಿಯದು. ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಮುರಿದ ಮೂಳೆಗೆ ಸುಣ್ಣದ ಅಂಶ ಸೇರುವ ಬಗೆಯನ್ನು ಪ್ರಾಣಿಗಳಲ್ಲಿ ಅಳೆದು, ಬಳ್ಳಿಯ ಔಷಧ ಕೊಟ್ಟಲ್ಲಿ ಮೂಳೆ ಬೇಗ ಕೂಡಿದುದನ್ನು ಅವರೂ ಸಹೋದ್ಯೋಗಿಗಳೂ 1964ರಲ್ಲಿ ಪ್ರಕಟಿಸಿದರು. ಅಜ್ಜಿಯ ಮಾತಿಗೆ ಹೀಗೆ ಅಂಕಿಯ ಬೆಂಬಲ ದೊರೆಯಿತು.

1960ರಲ್ಲಿ ಆ ಆಯುರ್ವೇದ ಕಾಲೇಜಿನ ಜಾಗದಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1971ರಲ್ಲಿ ಅದು ವೈದ್ಯವಿಜ್ಞಾನ ಸಂಸ್ಥೆಯಾದಾಗ ಉಡುಪರೇ ಮೊದಲ ನಿರ್ದೇಶಕರು. ಈ ಹೊತ್ತಿಗೆ ಅವರ ಗಮನ ಮನಸ್ಸಿನತ್ತ ಹೊರಳಿತ್ತು. ಒತ್ತಡಕ್ಕೆ ದೇಹವೆಲ್ಲ ಒಂದೇ ಬಗೆಯಾಗಿ ಪ್ರತಿಕ್ರಿಯಿಸುತ್ತದೆಂದು ಕೆನಡಾದ ಹಾನ್ಸ್ ಸೆಲ್ಯೆ 1936ರಲ್ಲೇ ಹೇಳಿದ್ದರು. ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ರಸಗಳು ಈ ಕೆಲಸದಲ್ಲಿ ಮುಖ್ಯವಾದವು. ಉಡುಪರ ತಂಡ ತರುಣ ಸ್ವಯಂಸೇವಕರಿಗೆ ಯೋಗಾಸನ, ಪ್ರಾಣಾಯಾಮಗಳನ್ನು ಕಲಿಸಿ, ಇಂಥ ರಸಗಳ ಪ್ರಮಾಣ ಹೇಗೆ ಬದಲಾಗುತ್ತದೆಂದು ಪರೀಕ್ಷಿಸಿತು. ಒತ್ತಡದ ಕಾಯಿಲೆ ನಾಲ್ಕು ಮೆಟ್ಟಿಲು ಏರುತ್ತದೆಂಬುದು ಉಡುಪರ ವಿವರಣೆ: ಮೊದಲು ಮನಸ್ಸಿನ ಕಳವಳ, ಬಳಿಕ ಮನಸ್ಸು ದೇಹ ಎರಡರ ತೊಂದರೆ, ಆಮೇಲೆ ದೇಹದ ಕ್ರಿಯೆಯಲ್ಲೇ ಏರುಪೇರು, ಕೊನೆಗೆ ಅಂಗಕ್ಕೇ ಕೇಡು. ಕೆಳಗಿನ ಮೆಟ್ಟಿಲಲ್ಲೇ ತಡೆದರೆ ಯೋಗ ಹೆಚ್ಚು ನೆರವಾದೀತು ಎಂಬುದು ಅದರ ತಾತ್ಪರ್ಯ. ಈ ವಿಷಯದ ಅವರ ಇಂಗ್ಲಿಷ್ ಗ್ರಂಥವನ್ನು ಮೋತಿಲಾಲ್ ಬನಾರಸಿದಾಸ್ ಸಂಸ್ಥೆ ಪ್ರಕಟಿಸಿದೆ. ಉಡುಪರು 1992ರಲ್ಲಿ ತೀರಿಕೊಂಡರು.

ಈ ಪ್ರಯೋಗಗಳನ್ನು ಪವಾಡವೆಂದು ಎಣಿಸಬಾರದು. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಹಾಗೆಯೇ ಆಗಬೇಕೆಂದಿಲ್ಲ, ಕೆಲವೇ ತರುಣರಲ್ಲಿ ಕಂಡದ್ದು ಎಲ್ಲರಿಗೂ ಅನ್ವಯಿಸದಿರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಆಸನ ಹಾಕುತ್ತೇವೆಂದು ಮಾತ್ರೆ ಬಿಟ್ಟರೆ ಅಪಾಯ. ಇಷ್ಟಕ್ಕೂ ಉಡುಪರು ಕೈಯಲ್ಲಿ ಶಸ್ತ್ರ ಹಿಡಿದ ವೈದ್ಯರು.

ಪರಸ್ಥಳದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಆ ಎರಡು ಪಕ್ಷಗಳು ಇಂದಿಗೂ ಇವೆ. ಊರಿಂದ ಬಂದ ಅತ್ತೆಯವರ ಕಷಾಯ ಒಂದು ಕಡೆ, ಡಾಕ್ಟರ ಚೀಟಿ ಇನ್ನೊಂದು ಕಡೆ. ನಡುವೆ ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ನಿಂತೇ ತಿಂದ ತಿಂಡಿ, ರಾತ್ರಿ ಹತ್ತಕ್ಕೆ ಊಟ, ತಲೆತುಂಬ ಸಾಲದ ಕಂತಿನ ಯೋಚನೆ. ಕಷಾಯವೂ ಮಾತ್ರೆಯೂ ಈ ಮೂರನೆಯದನ್ನು ಸರಿಪಡಿಸಲಾರವು. ಹೊತ್ತಿಗೆ ಸರಿಯಾದ ಊಟ, ತಟ್ಟೆಯಲ್ಲಿ ಸೊಪ್ಪು ಕಾಳು ನೆಲ್ಲಿಕಾಯಿ, ದಿನಕ್ಕೆ ಅರ್ಧ ಗಂಟೆ ಮನಸ್ಸಿಗೆ ಬಿಡುವು, ಇವನ್ನು ನಾವೇ ಮಾಡಿಕೊಳ್ಳಬೇಕು.

ಮುಂದೆ ಕಾಶಿಗೆ ಹೋಗುವ ನಮ್ಮವರು ವಿಶ್ವನಾಥನ ದರ್ಶನದ ಬಳಿಕ ವಿಶ್ವವಿದ್ಯಾನಿಲಯದ ಆವರಣಕ್ಕೂ ಹೋಗಿ ಬರಲಿ. ಬಿಡುವುದೇ ಆದರೆ ಹಾಗಲಕಾಯಿಯನ್ನು ಬಿಡದೆ ಅವಸರವನ್ನು ಬಿಟ್ಟು ಬರಲಿ.